ಚಳಿ ಹೋಯಿತು ಅಂತ ನಿಮಗೆ ಯಾವುದರಿಂದ ಗೊತ್ತಾಗುತ್ತದೆ?

ಕಿಟಕಿ ಪಕ್ಕದ ಸೀಟು
ಫೆಬ್ರುವರಿ 22, 2026

ಇವತ್ತು ಬೆಳಿಗ್ಗೆ ರೂಮಿನಿಂದ ಹೊರಟಾಗ ಸ್ವೆಟರ್ ಹಾಕಿಕೊಂಡಿರಲಿಲ್ಲ. ಅದು ಗಮನಕ್ಕೆ ಬಂದಿದ್ದು ಹತ್ತು ಗಂಟೆಗೆ, ಚಹಾ ಕುಡಿಯಲು ಹೊರಗೆ ಬಂದಾಗ. ಅಂದರೆ ಚಳಿ ಹೋಗಿಬಿಟ್ಟಿದೆ, ಯಾವತ್ತು ಹೋಯಿತೋ ಗೊತ್ತೇ ಆಗಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಿದ್ದಳು ನಮ್ಮ ಅಜ್ಜಿ. ಶಿವರಾತ್ರಿ ಮುಗಿದು ಇವತ್ತಿಗೆ ಸರಿಯಾಗಿ ಒಂದು ವಾರ.

ನಾನು ಧಾರವಾಡದಲ್ಲಿ ಡಿಗ್ರಿ ಕೊನೇ ವರ್ಷ. ಊರು ನರಗುಂದದ ಹತ್ತಿರ. ಸಪ್ತಾಪುರದಲ್ಲಿ ರೂಮು, ಊಟ ಖಾನಾವಳಿಯಲ್ಲಿ, ಕಾಲೇಜು ಬಿಟ್ಟ ಮೇಲೆ ರಾತ್ರಿ ಒಂಬತ್ತರ ತನಕ ರೀಡಿಂಗ್ ರೂಮಿನಲ್ಲಿ. ಹಿಂದಿನ ಎರಡು ವರ್ಷವೂ ಚಳಿ ಹೋಗಿ ಬಿಸಿಲು ಬಂದಿರಬೇಕು, ಆದರೆ ನನಗೆ ನೆನಪಿರುವುದು ಪರೀಕ್ಷೆಯ ಟೈಮ್ ಟೇಬಲ್ ಮಾತ್ರ. ಜೂನ್ ಆದ ಮೇಲೆ ನಾನು ಎಲ್ಲಿರುತ್ತೇನೋ. ಅದಕ್ಕೆ ಈ ಸಲ ಧಾರವಾಡದ ವಸಂತ ನೋಡಿಯೇ ಹೋಗಬೇಕು ಅಂತ ಮನಸ್ಸು ಮಾಡಿದ್ದೇನೆ.

ನನ್ನ ಸೀಟು ಕಿಟಕಿ ಪಕ್ಕ. ಹೊರಗೆ ಒಂದು ಹೊಂಗೆ ಮರ. ಹದಿನೈದು ದಿನದಿಂದ ಎಲೆ ಉದುರಿಸುತ್ತಲೇ ಇತ್ತು, ಗಾಳಿ ಬೀಸಿದರೆ ಸರಳಿನ ಸಂದಿಯಿಂದ ಒಣ ಎಲೆ ಬಂದು ಪುಸ್ತಕದ ಮೇಲೆ ಬೀಳುತ್ತಿತ್ತು, ನಾನು ತೆಗೆದು ಹೊರಗೆ ಬಿಟ್ಟು ಮತ್ತೆ ಓದುತ್ತಿದ್ದೆ. ಇವತ್ತು ತಲೆ ಎತ್ತಿ ನೋಡಿದರೆ ಕೊಂಬೆ ತುದಿಯಲ್ಲೆಲ್ಲ ಹಸಿರು ಚುಕ್ಕಿ. ಬೆಂಕಿಕಡ್ಡಿಯ ತಲೆಗಿಂತ ಸ್ವಲ್ಪ ದೊಡ್ಡದು. ಸರಳಿನ ನಡುವೆ ಕೈ ಹಾಕಿ ಒಂದನ್ನು ಮುಟ್ಟಿದೆ. ಕರುವಿನ ಕಿವಿ ಮುಟ್ಟಿದ ಹಾಗೆ ಮೆತ್ತಗಿತ್ತು.

ತಡೆಯಲಾಗದೆ ಅವ್ವನಿಗೆ ಫೋನ್ ಮಾಡಿದೆ. ಹೊಲದಲ್ಲಿದ್ದಳು, ಜೋಳ ಕೀಳುವ ಕೆಲಸ ನಡೆದಿದೆ. "ಹುಲಗಲ ಗಿಡಾ? ನಮ್ಮ ಬದುವಿನ್ಯಾಗಿಂದು ಚಿಗತು ಎಂಟ್ ದಿನಾ ಆತು, ನೀ ಈಗ ನೋಡಿದೇನು?" ಅಂದಳು. ನಮ್ಮ ಕಡೆ ಹೊಂಗೆಗೆ ಹುಲಗಲ ಅನ್ನುತ್ತಾರೆ.

ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ನಿಮ್ಮಲ್ಲಿ ಹೇಗೆ? ನಿಮಗೆ ಯಾವುದನ್ನು ನೋಡಿದರೆ ಚಳಿ ಹೋಯಿತು ಅನ್ನಿಸುತ್ತದೆ?

ಎರಿಹೊಲ
ಫೆಬ್ರುವರಿ 22

ತಂಗಿ, ನಮ್ಮದು ಅಣ್ಣಿಗೇರಿ ಕಡೆ. ನಮಗೆ ಗೊತ್ತಾಗುವುದು ಇಬ್ಬನಿಯಿಂದ. ಹಿಂಗಾರಿ ಬಿಳಿಜೋಳ ಮಳೆ ನಂಬಿ ಬೆಳೆಯುವುದಿಲ್ಲ, ಕಪ್ಪು ಎರಿಮಣ್ಣು ಹಿಡಿದಿಟ್ಟುಕೊಂಡ ಹಸಿ ಮತ್ತು ಚಳಿಗಾಲದ ಇಬ್ಬನಿ ಮೇಲೆ ಬೆಳೆಯುತ್ತದೆ. ಜನವರಿಯಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದರೆ ಮೊಣಕಾಲ ತನಕ ಧೋತರ ಒದ್ದೆ. ಒಂದು ದಿನ ಹೋಗುತ್ತೀರಿ, ಒದ್ದೆ ಆಗುವುದಿಲ್ಲ. ಅವತ್ತಿಗೆ ಚಳಿ ಮುಗಿಯಿತು.

ಆಮೇಲೆ ನೆಲ ಬಿರಿಯುತ್ತದೆ. ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೊದಲು ದಾರದಷ್ಟು ಬಿರುಕು, ಮಾರ್ಚ್ ಮುಗಿಯುವ ಹೊತ್ತಿಗೆ ಕೈ ಹೋಗುವಷ್ಟು. ನಾನು ಹುಡುಗನಿದ್ದಾಗ ಬಿರುಕಿನಲ್ಲಿ ನಾಲ್ಕಾಣೆ ಬೀಳಿಸಿಕೊಂಡು ಇಡೀ ಮಧ್ಯಾಹ್ನ ಅಗೆದಿದ್ದೆ, ಸಿಗಲಿಲ್ಲ.

ನಿಮ್ಮ ಅವ್ವ ಜೋಳ ಕೀಳುತ್ತಿದ್ದಾರೆ ಅಂದಿರಿ. ಸುಂಕು, ಅಂದರೆ ತೆನೆಯ ಧೂಳು, ಮೈಗೆ ಹತ್ತಿ ಕಡಿಯುವ ಕಾಲ ಅದು. ಅಂಥ ಹೊತ್ತಿನಲ್ಲೂ ಗಿಡ ಚಿಗುರಿದ್ದು ಎಂಟು ದಿನದ ಹಿಂದೆ ಅಂತ ಲೆಕ್ಕ ಇಟ್ಟಿದ್ದಾರಲ್ಲ, ಅದು ದೊಡ್ಡದು.

ದಿನಾ ಚಿಗರಿ
ಫೆಬ್ರುವರಿ 22

ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವಳು. ನನ್ನ ಗುರುತು ಬಸ್ಸಿನ ಒಳಗೇ ಇದೆ. ಚಳಿಗಾಲದಲ್ಲಿ ಬೆಳಗಿನ ಬಸ್ಸಿನಲ್ಲಿ ಬಲಗಡೆ ಕಿಟಕಿ ಮೊದಲು ತುಂಬುತ್ತಿತ್ತು, ಎಲ್ಲರಿಗೂ ಎಳೆಬಿಸಿಲು ಬೇಕು. ಹೋದ ವಾರದಿಂದ ಎಡಗಡೆ ಮೊದಲು ತುಂಬುತ್ತಿದೆ. ಯಾರೂ ಯಾರಿಗೂ ಹೇಳಿಲ್ಲ.

ಇನ್ನೊಂದು ಉಣಕಲ್ ಕೆರೆ. ನೀರು ದಂಡೆ ಬಿಟ್ಟು ಒಳಗೆ ಸರಿದಿದೆ. ಕೆಸರಿನ ಅಂಚಿನಲ್ಲಿ ಬೆಳ್ಳಕ್ಕಿ ನಿಂತಿರುತ್ತವೆ.

ಹಳೇ ಹುಬ್ಬಳ್ಳಿ ಹಲಗಿ
ಫೆಬ್ರುವರಿ 23

ಹೋಳಿ ಹಬ್ಬಕ್ಕೆ ಬಾರಿಸುವ ಹಲಗಿ ಸಪ್ಪಳ ಕೇಳಿದರೆ ಮುಗೀತು, ಬೇರೆ ಗುರುತು ಬೇಕಿಲ್ಲ. ನಮ್ಮ ಓಣಿಯಲ್ಲಿ ಹುಡುಗರು ಆಗಲೇ ಶುರು ಹಚ್ಚಿಕೊಂಡಿದ್ದಾರೆ. ಚಳಿಯಲ್ಲಿ ಹಲಗಿಯ ಚರ್ಮ ತಣ್ಣಗಾಗಿ ಸಡಿಲ ಬೀಳುತ್ತದೆ, ಬಾರಿಸಿದರೆ ದಪ್ ಅನ್ನುತ್ತದೆ ಅಷ್ಟೆ. ಹಾಳೆ, ಕಸ ಸುಟ್ಟು ಬೆಂಕಿಗೆ ಹಿಡಿದು ಕಾಯಿಸಬೇಕು. ಈಗ ಮಧ್ಯಾಹ್ನದ ಬಿಸಿಲಿಗೆ ಕಟ್ಟೆ ಮೇಲೆ ಅರ್ಧ ತಾಸು ಇಟ್ಟರೆ ಸಾಕು, ಚರ್ಮ ಬಿಗಿದು ಟಣ್ ಅನ್ನುತ್ತದೆ. ನನ್ನ ಪ್ರಕಾರ ಹಲಗಿ ಬಿಸಿಲಿಗೇ ಕಾಯುವ ದಿನ ಚಳಿ ಹೋದ ದಿನ.

ಹೊರಗಿನಿಂದ ಬಂದು ಓದುವವರಿಗೆ ಒಂದು ಮಾತು. ಈ ವರ್ಷ ಹೋಳಿ ಹುಣ್ಣಿಮೆ ಮಾರ್ಚ್ 3ಕ್ಕೆ. ಆದರೆ ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ರಂಗಪಂಚಮಿಗೆ, ಅಂದರೆ ಮಾರ್ಚ್ 8, ಭಾನುವಾರ. ಹುಣ್ಣಿಮೆ ಮರುದಿನ ಬಿಳಿ ಅಂಗಿ ಹಾಕಿಕೊಂಡು ಧಾರವಾಡದಿಂದ ಬಂದರೆ ಇಲ್ಲಿ ಅಂಗಡಿ ತೆರೆದಿರುತ್ತವೆ. ಅಲ್ಲಿ ಒಂದು ಸಲ, ಇಲ್ಲಿ ಒಂದು ಸಲ, ಎರಡೂ ಕಡೆ ಆಡಿ.

ಲೈನ್ ಬಜಾರ್ ಕಾಕಾ
ಫೆಬ್ರುವರಿ 23

ನಾನು ಧಾರವಾಡದವನೇ. ಶಾಲೆ ಮಾಸ್ತರಿಕೆ ಮಾಡಿ ನಿವೃತ್ತನಾಗಿ ಹದಿನೈದು ವರ್ಷ ಆಯಿತು. ನಾವು ಓದುವಾಗ ಮನೆಯಲ್ಲಿ ಫ್ಯಾನ್ ಇರಲಿಲ್ಲ, ಬೇಕು ಅಂತಲೂ ಅನ್ನಿಸುತ್ತಿರಲಿಲ್ಲ. ಈ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಮಲೆನಾಡಿನ ಬಾಗಿಲಲ್ಲೇ ಕೂತಿದೆ. ಮಧ್ಯಾಹ್ನ ಎಷ್ಟೇ ಕಾದರೂ ಸಂಜೆ ಐದು, ಐದೂವರೆಗೆ ಪಡುವಣ ಗಾಳಿ ಬರುತ್ತದೆ. ಮಗಳೇ, ಆ ಗಾಳಿ ಬಂದಾಗ ರೀಡಿಂಗ್ ರೂಮಿನಿಂದ ಹತ್ತು ನಿಮಿಷ ಹೊರಗೆ ಬಾ. ಸಾಧನಕೇರಿ ದಂಡೆಗೋ, ಯೂನಿವರ್ಸಿಟಿ ಗುಡ್ಡಕ್ಕೋ ಹೋಗಿ ನಿಲ್ಲು. ಇದು ಪಾಠವಲ್ಲ, ನನ್ನ ಆಸೆ.

ನನಗೆ ಚಳಿ ಹೋಗಿದ್ದು ತಿಳಿಯುವುದು ಮಾವಿನಿಂದ. ಕೆಲಗೇರಿ ಕಡೆ ಆಪೂಸ್ ತೋಟ ಜಾಸ್ತಿ. ಜನವರಿಯಲ್ಲಿ ಹೂವಿನ ವಾಸನೆ ಚಳಿಗೆ ನೆಲ ಹಿಡಿದು ಕೂತಿರುತ್ತದೆ, ಬೆಚ್ಚಗಾದ ಮೇಲೆ ರಸ್ತೆ ತನಕ ಬರುತ್ತದೆ. ಈಗ ಮಿಡಿ ಬಟಾಣಿ ಕಾಳಿನಷ್ಟಾಗಿವೆ. ಒಂದೊಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಕೊನೆಗೆ ಹಣ್ಣಾಗುವುದು ಒಂದೋ ಎರಡೋ. ಮೋಡ ಮುಸುಕಿ ಇಬ್ಬನಿ ಬಿದ್ದರೆ ಬೂದಿರೋಗ, ಜಿಗಿಹುಳು ಬಂದು ಅದೂ ಹೋಗುತ್ತದೆ. ತೋಟದವರು ಈಗ ದಿನಾ ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುತ್ತಾರೆ.

ಮೇಲಂತಸ್ತು
ಫೆಬ್ರುವರಿ 23, ರಾತ್ರಿ

ಎಲ್ಲರ ಮಾತೂ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದು ಹೇಳುತ್ತೇನೆ.

ನಾನೂ ಧಾರವಾಡದಲ್ಲೇ ಇದ್ದೇನೆ. ಡಿಗ್ರಿ ಮುಗಿದು ಎರಡು ವರ್ಷ ಆಯಿತು, ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ರೂಮಿಗೆ ತಗಡಿನ ಶೀಟು. ಚಳಿ ಹೋಗಿದ್ದು ನನಗೆ ಗೊತ್ತಾಗುವುದು ನಲ್ಲಿ ತಿರುಗಿಸಿದಾಗ, ಸಂಜೆ ಟ್ಯಾಂಕಿನ ನೀರು ಬಿಸಿಯಾಗಿ ಬರುತ್ತದೆ. ಮಾರ್ಚ್ ಆದರೆ ಆ ನೀರೂ ಇರುವುದಿಲ್ಲ, ಮಾಲೀಕರು ಒಂದು ಬಕೆಟ್ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಒಳಗೆ ಕೂರಲಾಗುವುದಿಲ್ಲ. ಅಪ್ಪ ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ, ಅದು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಹೀಗಿರುವಾಗ ಗಿಡ ನೋಡುತ್ತ ನಿಂತರೆ ನನಗೆ ಅಪ್ಪನಿಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ. ಚಿಗುರು, ಕೋಗಿಲೆ ಎಲ್ಲ ಪುರುಸೊತ್ತು ಇರುವವರಿಗೆ ಅಲ್ವಾ?

ಕಿಟಕಿ ಪಕ್ಕದ ಸೀಟು
ಫೆಬ್ರುವರಿ 24

ಅಣ್ಣಾ, ನಿಮ್ಮ ಮಾತು ಓದಿ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ. ನನಗೂ ಅದೇ ಅನ್ನಿಸಿದ್ದಿದೆ. ಅವ್ವ ಹೊಲದಲ್ಲಿ ಜೋಳ ಕೀಳುವಾಗ ನಾನು ನೆರಳಲ್ಲಿ ಕೂತು ಪುಸ್ತಕ ಹಿಡಿದಿರುತ್ತೇನೆ. ಹೋದ ವರ್ಷ ಸುಗ್ಗಿಗೆ ಎರಡು ದಿನ ಊರಿಗೆ ಹೋಗಿದ್ದೆ, ಅರ್ಧ ದಿನಕ್ಕೇ ಅಂಗೈ ಬೊಬ್ಬೆ ಬಂತು. ಅವ್ವ ನನ್ನ ಕೈ ಹಿಡಿದು ನೋಡಿ, ಏನೂ ಹೇಳದೆ ಎಣ್ಣೆ ಹಚ್ಚಿದಳು. ಅವಳ ಅಂಗೈ ಜಾಲಿಮರದ ತೊಗಟೆ ಇದ್ದ ಹಾಗಿತ್ತು.

ಆದರೆ ಒಂದು ಮಾತು ಯೋಚನೆ ಮಾಡಿ. ಹುಲಗಲ ಚಿಗುರಿ ಎಂಟು ದಿನ ಆಯಿತು ಅಂತ ಹೇಳಿದ್ದು ಅವಳೇ. ಅವಳಿಗೆ ಪುರುಸೊತ್ತು ಎಲ್ಲಿದೆ? ಬುತ್ತಿ ಬಿಚ್ಚುವುದು ಆ ಗಿಡದ ಕೆಳಗೆ, ಎತ್ತು ಕಟ್ಟುವುದು ಅದರ ಕೆಳಗೆ, ಹಾಗಾಗಿ ಎಲೆ ಉದುರಿದರೆ ನೆರಳು ಹೋಯಿತು ಅಂತ ಅವಳಿಗೆ ಗೊತ್ತಾಗುತ್ತದೆ, ಚಿಗುರಿದರೆ ಇನ್ನು ಹದಿನೈದು ದಿನಕ್ಕೆ ನೆರಳು ಬರುತ್ತದೆ ಅಂತಲೂ ಗೊತ್ತಾಗುತ್ತದೆ. ನೋಡುವುದಕ್ಕೆ ಅವಳು ಬೇರೆ ಟೈಮ್ ತೆಗೆದಿಟ್ಟಿಲ್ಲ. ಓದಲು ಊರು ಬಿಟ್ಟು ಬಂದೆ ಸರಿ, ಆದರೆ ಅವಳು ದಿನಾ ನೋಡುವುದನ್ನು ನಾನು ನೋಡದೇ ಹೋದರೆ ಇನ್ನು ಸ್ವಲ್ಪ ವರ್ಷಕ್ಕೆ ಫೋನಿನಲ್ಲಿ ಮಾತಾಡಲು ನಮ್ಮಿಬ್ಬರಿಗೆ ಊಟ ಆಯಿತಾ, ಆಯಿತು ಅಷ್ಟೇ ಉಳಿಯುತ್ತದೆ. ನನಗೆ ಭಯ ಅದರದ್ದು.

ಶೀಟಿನ ಕೆಳಗೆ ಮಧ್ಯಾಹ್ನ ಕೂರಬೇಡಿ. ಬೇರೆ ಕಡೆ ಎಲ್ಲಾದರೂ ಓದಿ.

ಲೈನ್ ಬಜಾರ್ ಕಾಕಾ
ಫೆಬ್ರುವರಿ 24

ಮೇಲಂತಸ್ತಿನ ತಮ್ಮಾ, ಶೀಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿದರೆ ಸ್ವಲ್ಪ ತಂಪಾಗುತ್ತದೆ. ನೀರಿಲ್ಲ ಅಂದೆ, ಹಾಗಿದ್ದರೆ ಒಣ ತೆಂಗಿನ ಗರಿ ಹಾಸಿದರೂ ಆಗುತ್ತದೆ. ಅಪ್ಪನ ಬಗ್ಗೆ ಹೇಳಿದ್ದು ಓದಿ ಕಣ್ಣು ತುಂಬಿತು. ನನ್ನ ಅಪ್ಪನೂ ಹಾಗೇ ದುಡ್ಡು ಕಳಿಸಿ ಓದಿಸಿದವರು.

ಹಸಿರು ಕ್ಯಾಂಪಸ್
ಫೆಬ್ರುವರಿ 25

ನಾನು ಇಲ್ಲಿ ಕೃಷಿ ಓದುತ್ತಿದ್ದೇನೆ. ಹೊಂಗೆಯ ಬಗ್ಗೆ ಸ್ವಲ್ಪ ಹೇಳಬಹುದು.

ಮಳೆ ಬರಲು ಇನ್ನೂ ಮೂರು ತಿಂಗಳು ಇರುವಾಗ, ನೆಲ ಒಣಗುತ್ತಿರುವಾಗ, ಗಿಡ ಚಿಗುರುವುದು ವಿಚಿತ್ರ ಅಲ್ವಾ? ನಾನು ಮೊದಲ ವರ್ಷ ಇದನ್ನೇ ಕೇಳಿದ್ದೆ. ನಮ್ಮ ಕಡೆಯ ಬಹಳ ಮರಗಳು ಹೀಗೇ. ಹಳೇ ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೆ ಉದುರಿಸಿಬಿಡುತ್ತವೆ. ಎಲೆ ಹೋದ ಮೇಲೆ ಖರ್ಚು ಕಡಿಮೆ, ಕಾಂಡದಲ್ಲಿ ಮತ್ತೆ ನೀರು ತುಂಬಿಕೊಳ್ಳುತ್ತದೆ. ಬೇರು ಆಳಕ್ಕೆ ಹೋಗಿರುವುದರಿಂದ ಕೆಳಗಿನ ಹಸಿಯೂ ಸಿಗುತ್ತದೆ. ಅಷ್ಟರಲ್ಲಿ ಹಗಲು ಉದ್ದವಾಗುತ್ತದೆ, ಕಾವು ಏರುತ್ತದೆ, ಚಿಗುರು ಬರುತ್ತದೆ. ಮಳೆ ಬೀಳುವ ಹೊತ್ತಿಗೆ ಎಲೆ ಬಲಿತು ತಯಾರಾಗಿರುತ್ತದೆ. ಎಲೆ ತಿನ್ನುವ ಹುಳುಗಳು ಮಳೆಗಾಲದಲ್ಲಿ ಜಾಸ್ತಿ, ಆಗ ಎಲೆ ಗಟ್ಟಿಯಾಗಿರುವುದೂ ಒಂದು ಲಾಭ. ಅರಳಿ, ಮಾವಿನ ಚಿಗುರು ಕೆಂಪಾಗಿ ಬರುತ್ತದಲ್ಲ, ಆ ಬಣ್ಣ ಎಳೆ ಎಲೆಯನ್ನು ಬಿಸಿಲಿನಿಂದ ಕಾಯುತ್ತದೆ.

ಊರಿನದು ಮೊದಲು ಚಿಗುರಿದ್ದು ಸಹಜ. ನರಗುಂದ ಧಾರವಾಡಕ್ಕಿಂತ ತಗ್ಗಿನಲ್ಲಿದೆ, ಬಿಸಿಲು ಜಾಸ್ತಿ. ಜೊತೆಗೆ ಒಂದೇ ಬೀದಿಯ ಎರಡು ಮರ ಕೂಡ ಒಂದೇ ದಿನ ಚಿಗುರುವುದಿಲ್ಲ.

ತಾರೀಖು ಬರೆದಿಡುವುದನ್ನು ಬಿಡಬೇಡಿ. ಸೀಸನ್‌ವಾಚ್ ಅಂತ ದೇಶದ ಬೇರೆ ಬೇರೆ ಕಡೆ ಜನ ಸೇರಿ ಮಾಡುವ ಕೆಲಸ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆಯುತ್ತಾರೆ. ಶಾಲೆ ಮಕ್ಕಳೂ ಬರೆಯುತ್ತಾರೆ. ನಿಮ್ಮ ಕೊನೇ ಪುಟವೂ ಅದೇ ಕೆಲಸ.

ಬ್ಯಾಡಗಿ ಖಾರ
ಫೆಬ್ರುವರಿ 27

ನಾನು ಬ್ಯಾಡಗಿಯ ಸೊಸೆ, ಮಕ್ಕಳ ಓದಿಗೆ ಅಂತ ಈಗ ಹುಬ್ಬಳ್ಳಿಯಲ್ಲಿ ಇದ್ದೇನೆ. ನಮ್ಮ ಮನೆಯಲ್ಲಿ ಬಿಸಿಲು ಬಂತು ಅಂದರೆ ವರ್ಷದ ಖಾರ ಮಾಡಿಸುವ ಕಾಲ ಬಂತು ಅಂತ. ಮೆಣಸಿನಕಾಯಿಯನ್ನು ಮಾಳಿಗೆ ಮೇಲೆ ಹರವಿ ಎರಡು ದಿನ ಒಣಗಿಸುತ್ತೇವೆ. ಬ್ಯಾಡಗಿ ಕಾಯಿ ಒಣಗಿದಷ್ಟೂ ಸುಕ್ಕು ಸುಕ್ಕಾಗುತ್ತದೆ, ಬಣ್ಣ ಗಾಢ ಆಗುತ್ತದೆ, ಖಾರ ಮಾತ್ರ ಕಡಿಮೆಯೇ. ಮುರಿದರೆ ಚಟ್ ಅನ್ನಬೇಕು, ಒಳಗಿನ ಬೀಜ ಅಲ್ಲಾಡಿ ಸಪ್ಪಳ ಆಗಬೇಕು. ಆಮೇಲೆ ತೊಟ್ಟು ಬಿಡಿಸುವುದು. ಅತ್ತೆ, ನಾನು, ಪಕ್ಕದ ಮನೆ ಕಾಕು ಸುತ್ತ ಕೂತು ಬಿಡಿಸುತ್ತೇವೆ. ರಾತ್ರಿ ಮಲಗುವಾಗ ಬೆರಳಿನ ತುದಿಯೆಲ್ಲ ಉರಿಯುತ್ತಿರುತ್ತದೆ, ಅಪ್ಪಿತಪ್ಪಿ ಕಣ್ಣು ಮುಟ್ಟಬಾರದು.

ಶಾವಿಗೆ, ಹಪ್ಪಳ, ಸಂಡಿಗೆ ಆಮೇಲೆ. ಮೇಲಂತಸ್ತಿನ ತಮ್ಮ ಹುಬ್ಬಳ್ಳಿ ಕಡೆ ಬಂದರೆ ಹೇಳಲಿ, ಒಂದು ಡಬ್ಬಿ ಖಾರ, ಒಂದು ಡಬ್ಬಿ ಶೇಂಗಾ ಚಟ್ನಿ ಕೊಡುತ್ತೇನೆ. ಖಾನಾವಳಿ ಊಟಕ್ಕೆ ಸ್ವಲ್ಪ ರುಚಿ ಬರುತ್ತದೆ.

ಕಿಟಕಿ ಪಕ್ಕದ ಸೀಟು
ಮಾರ್ಚ್ 5

ಪುಟದಲ್ಲಿ ಬರೆದಿದ್ದು ಇಷ್ಟು. ಫೆಬ್ರುವರಿ 27, ಮೊದಲ ಎಲೆ ಬಿಚ್ಚಿತು. ಮಾರ್ಚ್ 1, ಕೊಂಬೆ ಕಾಣದಷ್ಟು ಹಸಿರು. ಮಾರ್ಚ್ 2, ಬೆಳಗಿನ ಜಾವ ಕೋಗಿಲೆ. ಮಾರ್ಚ್ 4, ಬಣ್ಣ ಆಡಿದೆವು, ಕಿವಿಯ ಹಿಂದಿನ ಗುಲಾಬಿ ಬಣ್ಣ ಇನ್ನೂ ಹೋಗಿಲ್ಲ.

ಹೊಸ ಎಲೆಯ ಬಣ್ಣ ಹೇಗೆ ಹೇಳಲಿ. ಹಸಿರು ಅಂದರೆ ಸಾಲದು. ಬಿಸಿಲು ಬಿದ್ದಾಗ ಎಲೆಯ ಹಿಂದಿನಿಂದ ನರಗಳೆಲ್ಲ ಕಾಣುತ್ತವೆ, ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಮಧ್ಯಾಹ್ನ ಎರಡಕ್ಕೆ ನನ್ನ ಪುಸ್ತಕದ ಹಾಳೆಯೇ ತಿಳಿಹಸಿರಾಗುತ್ತದೆ. ಎದುರು ಕೂತ ಹುಡುಗಿ ಯಾವತ್ತೂ ಮಾತಾಡದವಳು, ನಿನ್ನೆ ಪೆನ್ನು ಕೆಳಗಿಟ್ಟು ಅದನ್ನೇ ನೋಡುತ್ತಿದ್ದಳು. ಊರು ಕೇಳಿದೆ. ಇಂಡಿ ಅಂದಳು. ಅವರ ಹೊಲದಲ್ಲೂ ಜೋಳದ ರಾಶಿ ನಡೆದಿದೆಯಂತೆ.

ಅವ್ವ ಈಗ ದಿನಾ ರಾತ್ರಿ ಕೇಳುತ್ತಾಳೆ, "ಇವತ್ತ ಏನ್ ಬರದಿ?"

ದಿನಾ ಚಿಗರಿ
ಮಾರ್ಚ್ 9

ರಂಗಪಂಚಮಿ ಮರುದಿನದ ಬಸ್ಸು, ಅರ್ಧ ಜನರ ಉಗುರು ಇನ್ನೂ ಕೆಂಪು. ಭಾನುವಾರಕ್ಕೆ ಮೊದಲು ಅಣ್ಣನ ಜೊತೆ ಕಲಘಟಗಿ ಕಡೆ ಹೋಗಿದ್ದೆ. ರಸ್ತೆ ಪಕ್ಕ ಮುತ್ತಲ ಗಿಡ ಎಲೆಯೇ ಇಲ್ಲದೆ ಬರೀ ಹೂ. ನಮ್ಮ ಅಮ್ಮ ಚಿಕ್ಕವಳಿದ್ದಾಗ ಅದೇ ಹೂ ಕುದಿಸಿ ಹೋಳಿ ಬಣ್ಣ ಮಾಡುತ್ತಿದ್ದರಂತೆ. ಒಂದು ಹಿಡಿ ಆರಿಸಿ ತಂದು ಕುದಿಸಿದೆ. ಕೇಸರಿ ಕಲಸಿದ ಹಾಗೆ ಬಂತು. ಅಮ್ಮನ ಕೆನ್ನೆಗೆ ಮೊದಲು ನಾನೇ ಹಚ್ಚಿದೆ.

ಬ್ಯಾಡಗಿ ಖಾರ
ಮಾರ್ಚ್ 12

ಒಂದು ಚಿಂತೆ. ಯುಗಾದಿ ಹೋದ ವರ್ಷ ಮಾರ್ಚ್ 30ಕ್ಕೆ ಇತ್ತು, ಈ ವರ್ಷ 19ಕ್ಕೇ ಬಂದಿದೆ. ನಮ್ಮ ಬೀದಿಯ ಬೇವಿನಲ್ಲಿ ಇನ್ನೂ ಹೂ ಕಾಣುತ್ತಿಲ್ಲ. ಬೇವಿಗೆ ಏನು ಮಾಡುವುದು? ನಾವು ಪುಟಾಣಿ ಹಿಟ್ಟು, ಬೆಲ್ಲ, ಹುಣಸೆಹುಳಿ, ಮಾವಿನಕಾಯಿ ತುರಿ ಎಲ್ಲ ಹಾಕಿ ಕುಡಿಯುವ ಹಾಗೆ ಮಾಡುತ್ತೇವೆ, ಅದಕ್ಕೆ ಹೂವೇ ಬೇಕು, ಎಲೆ ಹಾಕಿದರೆ ಕಹಿ ಜಾಸ್ತಿ ಆಗುತ್ತದೆ.

ಲೈನ್ ಬಜಾರ್ ಕಾಕಾ
ಮಾರ್ಚ್ 12

ತಂಗೆವ್ವಾ, ಹಬ್ಬ ನಡೆಯುವುದು ಚಂದ್ರನ ಲೆಕ್ಕಕ್ಕೆ, ಗಿಡ ನಡೆಯುವುದು ಸೂರ್ಯನ ಲೆಕ್ಕಕ್ಕೆ. ಚಾಂದ್ರಮಾನ ವರ್ಷ ಸುಮಾರು 354 ದಿನ, ಹಾಗಾಗಿ ಯುಗಾದಿ ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಬೇವಿಗೆ ಅದು ಗೊತ್ತಿಲ್ಲ. ಈ ವರ್ಷ ಅಧಿಕ ಜ್ಯೇಷ್ಠ ಅಂತ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ, ಮೇ 17ರಿಂದ. ಅದು ಬಂದು ಲೆಕ್ಕ ಸರಿ ಮಾಡುತ್ತದೆ, ಮುಂದಿನ ಯುಗಾದಿ ಮತ್ತೆ ಏಪ್ರಿಲಿಗೆ ಹೋಗುತ್ತದೆ. ಈ ಸಲ ಯುಗಾದಿ ಮರುದಿನವೇ, ಮಾರ್ಚ್ 20ಕ್ಕೆ, ಹಗಲು ರಾತ್ರಿ ಸಮ ಆಗುವ ದಿನ. ಮೇ ಮೊದಲ ವಾರದಲ್ಲಿ ನಮ್ಮ ಊರಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ, ಮಕ್ಕಳಿಗೆ ತೋರಿಸಿ.

ಹೂವಿಗೆ ದಕ್ಷಿಣಕ್ಕೆ ಮುಖ ಮಾಡಿದ, ಬಿಸಿಲು ಬೀಳುವ ಕೊಂಬೆ ಹುಡುಕಿ. ಮೊಗ್ಗು ಸಿಕ್ಕರೂ ನಡೆಯುತ್ತದೆ.

ಕಿಟಕಿ ಪಕ್ಕದ ಸೀಟು
ಮಾರ್ಚ್ 21

ಯುಗಾದಿಗೆ ಊರಿಗೆ ಹೋಗಿ ಇವತ್ತು ಬೆಳಿಗ್ಗೆ ಬಂದೆ.

ಜೋಳ ಬಂದಾಗಿದೆ, ಹೊಲ ಬರಿದಾಗಿದೆ. ಎರಿಹೊಲ ಕಾಕಾ, ಬಿರುಕಿನಲ್ಲಿ ನನ್ನ ನಾಲ್ಕು ಬೆರಳು ಹೋಯಿತು. ಹುಲಗಲ ಗಿಡದ ನೆರಳು ದಟ್ಟವಾಗಿದೆ. ಅದರ ಕೆಳಗೇ ಕೂತು ಹೋಳಿಗೆ ತಿಂದೆವು. ಬೇವಿನ ಹೂ ಸಿಕ್ಕಿತು, ಮೊಗ್ಗೇ ಜಾಸ್ತಿ ಇತ್ತು.

ಹೇಳಬೇಕಾಗಿದ್ದು ಇನ್ನೊಂದು. ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಕ್ಯಾಲೆಂಡರ್ ಇದೆ. ಅದರಲ್ಲಿ ಅವ್ವ ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಾಳೆ, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಹೊಸ ವರ್ಷದ ದಿನ ಅಂತ ಸುಮ್ನೆ ನೋಡುತ್ತ ನಿಂತಿದ್ದೆ. ಫೆಬ್ರುವರಿ 14ರ ಚೌಕದಲ್ಲಿ ಹಾಲಿನ ಅಂಕಿ ಕೆಳಗೆ ಸಣ್ಣಗೆ ಹುಲಗಲ ಅಂತ ಬರೆದಿತ್ತು. ಮಾರ್ಚ್ 6ಕ್ಕೆ ಬೇವು. ಮಾರ್ಚ್ 11ಕ್ಕೆ ಕೋಗಿಲಿ. ಅವ್ವ ಮೂರನೇ ಇಯತ್ತೆ ತನಕ ಓದಿದವಳು. ಅಕ್ಷರ ದೊಡ್ಡದು ಚಿಕ್ಕದು ಇದ್ದವು, ಚೌಕದಿಂದ ಹೊರಗೆ ಹೋಗಿದ್ದವು. "ನೀ ಬರೀತಿ, ನಾನೂ ಬರದೆ" ಅಂದಳು. ಇನ್ನೇನೂ ಹೇಳಲಿಲ್ಲ, ಒಲೆ ಕಡೆ ತಿರುಗಿದಳು. ಕ್ಯಾಲೆಂಡರ್‌ನ ಫೋಟೋ ತೆಗೆದುಕೊಂಡು ಬಂದಿದ್ದೇನೆ.

ಎರಿಹೊಲ
ಮಾರ್ಚ್ 21

ಆ ಕ್ಯಾಲೆಂಡರ್ ಡಿಸೆಂಬರ್ ಮುಗಿದರೂ ಬಿಸಾಕಬೇಡ ತಂಗಿ. ಮಡಿಚಿ ಪೆಟ್ಟಿಗೆಯಲ್ಲಿ ಇಡು.

ಮೇಲಂತಸ್ತು
ಮಾರ್ಚ್ 22

ಖಾರದ ಡಬ್ಬಿ ತಲುಪಿತು ಅಕ್ಕಾ, ಚಟ್ನಿ ಆಗಲೇ ಅರ್ಧ ಖಾಲಿ. ಮೊನ್ನೆ ಹಬ್ಬದ ದಿನ ಅಪ್ಪನಿಗೆ ಫೋನ್ ಮಾಡಿದಾಗ ಮೊದಲ ಸಲ ನಾನೇ ಕೇಳಿದೆ, ನಮ್ಮ ಹಿತ್ತಲಿನ ಬೇವು ಹೂ ಬಿಟ್ಟಿದೆಯಾ ಅಂತ. ಅಪ್ಪ ಇಪ್ಪತ್ತು ನಿಮಿಷ ಮಾತಾಡಿದರು. ಯಾವತ್ತೂ ಎರಡು ನಿಮಿಷದ ಮೇಲೆ ಮಾತಾಡಿದವರಲ್ಲ.

ಶೀಟಿನ ಕೆಳಗೆ ಇನ್ನು ಆಗುವುದಿಲ್ಲ. ಕಿಟಕಿ ಪಕ್ಕದ ಸೀಟಿನವರೇ, ನಿಮ್ಮ ರೀಡಿಂಗ್ ರೂಮಿನಲ್ಲಿ ಜಾಗ ಇದೆಯಾ?

ಕಿಟಕಿ ಪಕ್ಕದ ಸೀಟು
ಮಾರ್ಚ್ 22

ಇದೆ ಅಣ್ಣಾ. ಎರಡನೇ ಕಿಟಕಿ ಹತ್ತಿರ ಒಂದು ಖಾಲಿ ಇದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಾರೆ, ಏಳೂವರೆಗೆ ತುಂಬಿಬಿಡುತ್ತದೆ, ಬೇಗ ಬನ್ನಿ. ನೀರಿನ ಬಾಟಲಿ ತನ್ನಿ.